ಒಲೆ ಮುಂದಿನ ಮಾತು: ರಾತ್ರಿ ಸಂತೆ, ಒಂದೇ ಹಂಚು

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಬಳ್ಳಾರಿಯಲ್ಲಿ ಎರಡು ರಾತ್ರಿ ಏಷ್ಯನ್ ನೈಟ್ ಮಾರ್ಕೆಟ್, ಬೀದಿ ತಿಂಡಿ ಮೇಳ ನಡೆಯುತ್ತದಂತೆ. ಪೋಸ್ಟರ್ ನಾನೂ ನೋಡಿದೆ. ಕೆಂಪು ಕಾಗದದ ದೀಪಗಳು, ಕಡ್ಡಿಯಲ್ಲಿ ನೂಡಲ್ಸ್ ಎತ್ತುತ್ತಿರುವ ಹುಡುಗಿ, ಹಿಂದೆ ನಮ್ಮ ಕೋಟೆ ಗುಡ್ಡ. ನಾನು ಇದೇ ಊರಲ್ಲಿ ಹತ್ತೊಂಬತ್ತು ವರ್ಷ ಪಡ್ಡು, ಮಿರ್ಚಿ ಬಂಡಿ ಇಟ್ಟವಳು. 2018ರಲ್ಲಿ ಮಗಳ ಬಾಣಂತನಕ್ಕೆ ಸಿಂಗಪುರಕ್ಕೆ ಹೋಗಿ ಮೂರು ತಿಂಗಳು ಇದ್ದೆ. ಕೂಸು ಮಲಗಿದ ಮೇಲೆ ಅಳಿಯಂದಿರು ರಾತ್ರಿ ತಿಂಡಿಗೆ ಕರೆದುಕೊಂಡು ಹೋಗುತ್ತಿದ್ದರು. ಒಂದು ವಾರ ಮಲೇಷ್ಯಾದ ಪೆನಾಂಗಿಗೂ ಹೋಗಿದ್ದೆವು. ನನ್ನ ಬಂಡವಾಳ ಇಷ್ಟೇ. ಉಳಿದದ್ದು ಮಗಳು ಕಳಿಸಿದ್ದನ್ನು ಓದಿ ತಿಳಿದದ್ದು.

ಅಕ್ಕಾರೆ, ನಮ್ಮೂರಲ್ಲಿ ರಾತ್ರಿ ಹನ್ನೊಂದರ ತನಕ ತಳ್ಳುಗಾಡಿಗಳು ಇದ್ದೇ ಇರುತ್ತವೆ. ಈ ನೈಟ್ ಮಾರ್ಕೆಟ್ಟಿನಲ್ಲಿ ಹೊಸದೇನಿದೆ?
– ಪದವಿ ವಿದ್ಯಾರ್ಥಿ, ರಾಯಚೂರು

ಹೊಸದು ಅಂತ ಜಾಸ್ತಿ ಏನಿಲ್ಲ ತಮ್ಮಾ. ಮಲೇಷ್ಯಾದಲ್ಲಿ ಇದಕ್ಕೆ 'ಪಸಾರ್ ಮಾಲಂ' ಅನ್ನುತ್ತಾರೆ. ಪಸಾರ್ ಅಂದ್ರೆ ಬಜಾರು, ಅದೇ ಮಾತು. ಮಾಲಂ ಅಂದ್ರೆ ರಾತ್ರಿ. ಸೋಮವಾರ ಒಂದು ಬಡಾವಣೆಯ ರಸ್ತೆಯಲ್ಲಿ ಕೂಡುತ್ತದೆ, ಮಂಗಳವಾರ ಇನ್ನೊಂದರಲ್ಲಿ. ನಮ್ಮ ವಾರದ ಸಂತೆಯೇ, ಹೊತ್ತು ಮುಳುಗಿದ ಮೇಲೆ ನಡೆಯುತ್ತದೆ. ತರಕಾರಿ, ಚಪ್ಪಲಿ, ಮಕ್ಕಳ ಆಟದ ಸಾಮಾನು, ನಡುನಡುವೆ ಒಲೆಗಳು. ತೈವಾನಿನ ತೈಪೆಯಲ್ಲಿ ಶಿಲಿನ್ ಅಂತ ಹೆಸರಾದ ರಾತ್ರಿ ಪೇಟೆ ಇದೆ. ನಮ್ಮ ದೇಶದ ಇಂದೋರಿನಲ್ಲಿ ಸರಾಫಾ ಬಜಾರಿದೆ. ಹಗಲು ಚಿನ್ನ ಬೆಳ್ಳಿ ಮಾರುವ ಅಂಗಡಿಗಳು ಬಾಗಿಲು ಹಾಕಿದ ಮೇಲೆ ಅವುಗಳ ಮೆಟ್ಟಿಲ ಮುಂದೆಯೇ ಜಿಲೇಬಿ ಬಾಣಲೆ ಬರುತ್ತದೆ.

ನಮ್ಮ ಸೀಮೆಗೂ ಇದು ಹಳೆಯದೇ. ಬಳ್ಳಾರಿಯಿಂದ ಅರವತ್ತು ಕಿಲೋಮೀಟರ್ ಆಸುಪಾಸಿನ ಹಂಪಿಗೆ 1520ರ ಸುಮಾರಿಗೆ ಡೊಮಿಂಗೊ ಪಾಯೆಸ್ ಅನ್ನುವ ಪೋರ್ಚುಗೀಸ್ ಬಂದಿದ್ದ. ಅಲ್ಲಿನ ಒಂದು ಬೀದಿಯಲ್ಲಿ ದಿನಾ ಸಂಜೆ ಸಂತೆ ಕೂಡುತ್ತಿತ್ತು, ಕುದುರೆ, ನಿಂಬೆ, ಕಿತ್ತಳೆ, ದ್ರಾಕ್ಷಿ, ಸೌದೆ ಎಲ್ಲ ಸಿಗುತ್ತಿತ್ತು ಅಂತ ಬರೆದಿಟ್ಟಿದ್ದಾನೆ. ನಮ್ಮ ಬಿಸಿಲಿಗೆ ಸಂಜೆ ಆಗದೆ ಯಾರು ತಾನೇ ಹೊರಗೆ ಬರುತ್ತಾರೆ? ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಮೂರಕ್ಕೆ ಬಂಡಿ ಹಚ್ಚಿದರೆ ನಾನು ಮತ್ತು ನಾಯಿ ಇಬ್ಬರೇ ಇರುತ್ತಿದ್ದೆವು.

ಸಿಂಗಪುರದಲ್ಲಿ ಮಾತ್ರ ಬೇರೆ ಥರ. ಅಲ್ಲಿನ ಸರ್ಕಾರ 1970ರ ದಶಕದಲ್ಲಿ ಬೀದಿ ಗಾಡಿಯವರನ್ನು ನಲ್ಲಿ, ಚರಂಡಿ, ಸೂರು ಇರುವ ಕಟ್ಟೆಗಳಿಗೆ ಸೇರಿಸಲು ಶುರು ಮಾಡಿತು. ಅವಕ್ಕೆ ಹಾಕರ್ ಸೆಂಟರ್ ಅನ್ನುತ್ತಾರೆ, ಈಗ ನೂರಕ್ಕೂ ಜಾಸ್ತಿ ಇವೆ. 2020ರಲ್ಲಿ ಯುನೆಸ್ಕೋ ಅಲ್ಲಿನ ಈ ಹಾಕರ್ ಸಂಸ್ಕೃತಿಯನ್ನು ಕಾಪಾಡಬೇಕಾದ ಪರಂಪರೆ ಅಂತ ಪಟ್ಟಿಗೆ ಸೇರಿಸಿತು. ನಾನು ಹೋದಾಗ ಪ್ರತಿ ಅಂಗಡಿಯ ಮುಂದೆಯೂ ಶುಚಿತ್ವಕ್ಕೆ ಎ, ಬಿ, ಸಿ ಅಂತ ದರ್ಜೆಯ ಫಲಕ ತೂಗುಹಾಕಿದ್ದರು. ಜನ ಬಿ ಅಂಗಡಿ ಮುಂದೆಯೂ ಉದ್ದಕ್ಕೆ ನಿಂತಿರುತ್ತಿದ್ದರು, ಅದು ಬೇರೆ ಮಾತು. ಇನ್ನೊಂದು ನೋಡಿ ನಗು ಬಂತು. ಕುಳಿತುಕೊಳ್ಳುವ ಜಾಗ ಹಿಡಿಯಲು ಮೇಜಿನ ಮೇಲೆ ಟಿಶ್ಯೂ ಕಾಗದದ ಪೊಟ್ಟಣ ಇಟ್ಟು ಹೋಗುತ್ತಾರೆ, ಯಾರೂ ಮುಟ್ಟುವುದಿಲ್ಲ. ನಾವು ಬಸ್ಸಿನ ಕಿಟಕಿಯಿಂದ ಟವೆಲ್ ಹಾಕುವುದಿಲ್ವಾ, ಹಾಗೆ. ಇಲ್ಲಿ ಟವೆಲ್ಲಿಗೂ ಜಗಳ ಆಗುತ್ತದೆ ಅನ್ನೋದಷ್ಟೇ ವ್ಯತ್ಯಾಸ.

ಅಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಒಂದು ಸಂಗತಿ. ಒಂದು ಅಂಗಡಿ, ಒಂದು ತಿಂಡಿ. ಕೋಳಿ ಅನ್ನದವನು ಕೋಳಿ ಅನ್ನ ಮಾತ್ರ ಮಾಡುತ್ತಾನೆ, ಅವನ ಅಪ್ಪನೂ ಅದನ್ನೇ ಮಾಡಿರುತ್ತಾನೆ. 2016ರಲ್ಲಿ ಅಂಥ ಎರಡು ಅಂಗಡಿಗಳಿಗೆ ಮಿಶೆಲಿನ್ ಅನ್ನುವವರು ದೊಡ್ಡ ಹೋಟೆಲುಗಳಿಗೆ ಕೊಡುವ ನಕ್ಷತ್ರ ಕೊಟ್ಟರು. ಒಂದು ಕೋಳಿಯದು, ಇನ್ನೊಂದು ನೂಡಲ್ಸಿನದು.

ಟೀವಿಯಲ್ಲಿ ಜಪಾನಿನ ತಕೊಯಾಕಿ ನೋಡಿದೆ. ನಮ್ಮ ಪಡ್ಡಿನ ಹಂಚೇ ಇದ್ದಂಗಿದೆ! ಅಂಥದ್ದೇನಾದರೂ ನಮ್ಮ ಹಂಚಿನಲ್ಲಿ ಮಾಡಬಹುದಾ ಅಕ್ಕ?
– ಗೃಹಿಣಿ, ಗಂಗಾವತಿ

ನನಗೂ ಹಾಗೇ ಆಯಿತು ತಂಗಿ. ಸಿಂಗಪುರದಲ್ಲಿ ಒಬ್ಬ ಹುಡುಗ ಗುಳಿ ಗುಳಿ ಹಂಚಿನ ಮುಂದೆ ನಿಂತು ಕಡ್ಡಿಯಿಂದ ಸರಸರ ಉಂಡೆ ಹೊರಳಿಸುತ್ತಿದ್ದ. 'ಅಯ್ಯೋ ಪಡ್ಡು!' ಅಂತ ಜೋರಾಗಿ ಕೂಗಿಬಿಟ್ಟೆ. ಅಳಿಯಂದಿರಿಗೆ ನಾಚಿಕೆ ಆಯಿತು. ಆ ಹುಡುಗ ಮಾತ್ರ ನಕ್ಕ.

ತಕೊಯಾಕಿ ಒಸಾಕಾ ಊರಿನದು, 1930ರ ದಶಕದಲ್ಲಿ ಶುರುವಾದದ್ದು. ತಕೊ ಅಂದ್ರೆ ಆಕ್ಟೋಪಸ್, ಅದರ ತುಂಡು ಒಳಗಿರುತ್ತದೆ. ಗೋಧಿ ಹಿಟ್ಟನ್ನು ಮೀನಿನ ಸಾರಿನಲ್ಲಿ ಮಜ್ಜಿಗೆಯಷ್ಟು ತೆಳ್ಳಗೆ ಕಲಸುತ್ತಾರೆ. ನಾವು ಗುಳಿಯೊಳಗೆ ಮಾತ್ರ ಹಿಟ್ಟು ಬಿಡುತ್ತೇವೆ. ಅವರು ಹಂಚಿನ ತುಂಬ ಸುರಿದುಬಿಡುತ್ತಾರೆ. ಅಂಚು ಗಟ್ಟಿಯಾದ ಮೇಲೆ ಕಡ್ಡಿಯಿಂದ ಕೊಯ್ದು, ಹೊರಗೆ ಉಳಿದದ್ದನ್ನೆಲ್ಲ ಒಳಗೆ ತುರುಕುತ್ತಾ ಅರ್ಧ ತಿರುಗಿಸಿ, ಆಮೇಲೆ ಪೂರ್ತಿ ತಿರುಗಿಸುತ್ತಾರೆ. ಅದಕ್ಕೇ ಚೆಂಡಿನ ಹಾಗೆ ದುಂಡಗೆ ಬರುತ್ತದೆ. ಒಳಗೆ ಮೆತ್ತಗೆ, ಅರೆಬೆಂದ ಹಾಗೆ ಇರುತ್ತದೆ. ನನಗೆ ಅದು ಸರಿಬರಲಿಲ್ಲ. ಪಡ್ಡು ಅಂದ್ರೆ ಹೊರಗೆ ಗರಿಗರಿ, ಒಳಗೆ ಬಲೆ ಬಲೆಯಾಗಿರಬೇಕು.

ನಿಮಗೆ ನಾನು ಹೇಳುವುದು ಥಾಯ್ಲೆಂಡಿನ ಖನೋಮ್ ಕ್ರೋಕ್. ಅದೂ ಗುಳಿ ಹಂಚಿನದೇ, ಅಕ್ಕಿ ಮತ್ತು ತೆಂಗಿನಹಾಲಿನದು. ನಿಮ್ಮದು ಭತ್ತದ ಊರು, ಅಕ್ಕಿ ಹೇಳಿಕೊಡಬೇಕಾ? ಒಂದು ಲೋಟ ಅಕ್ಕಿ ನಾಲ್ಕು ತಾಸು ನೆನೆಸಿ. ಒಂದು ಹಿಡಿ ಅನ್ನ, ಎರಡು ಹಿಡಿ ಕೊಬ್ಬರಿ ತುರಿ (ಹಸಿದು, ಒಣಗಿದ್ದಲ್ಲ) ಹಾಕಿ ನುಣ್ಣಗೆ ರುಬ್ಬಿ, ನೀರುದೋಸೆ ಹಿಟ್ಟಿನಷ್ಟು ತೆಳ್ಳಗೆ ಮಾಡಿ. ಹುಳಿ ಬರಿಸಬೇಡಿ. ಬೇರೆ ಬಟ್ಟಲಲ್ಲಿ ಗಟ್ಟಿ ತೆಂಗಿನಹಾಲು, ಎರಡು ಚಮಚ ಸಕ್ಕರೆ, ಕಾಲು ಚಮಚ ಉಪ್ಪು. ಹಂಚು ಚೆನ್ನಾಗಿ ಕಾದ ಮೇಲೆ ಎಣ್ಣೆ ಸವರಿ, ಗುಳಿಗೆ ಮುಕ್ಕಾಲು ಹಿಟ್ಟು ಬಿಡಿ. ಅಂಚು ಕಟ್ಟಿದ ಕೂಡಲೇ ಮೇಲೆ ಒಂದೊಂದು ಚಮಚ ಆ ಸಿಹಿ ಹಾಲು, ಬೇಕಾದರೆ ಮೆಕ್ಕೆಜೋಳದ ಕಾಳು ಇಲ್ಲವೇ ಈರುಳ್ಳಿ ಸೊಪ್ಪು. ಮುಚ್ಚಳ ಮುಚ್ಚಿ ಮೂರು ನಾಲ್ಕು ನಿಮಿಷ. ತಿರುವಿ ಹಾಕಬೇಡಿ! ಅಭ್ಯಾಸದ ಕೈ, ತಿರುವಿಯೇ ಬಿಡುತ್ತದೆ. ನಾನು ಮೊದಲ ಹಂಚು ಹಾಗೇ ಕೆಡಿಸಿದೆ. ಚಮಚದಿಂದ ಮೇಲೆತ್ತಿ ಎರಡೆರಡನ್ನು ಜೋಡಿಸಿ ಕೊಡುವುದು ಅವರ ಪದ್ಧತಿ.

ಬರ್ಮಾದಲ್ಲೂ ಇಂಥದ್ದೇ ಒಂದಿದೆ. ಎರಡು ಅರ್ಧಗಳನ್ನು ಸೇರಿಸಿ ಒಂದು ಮಾಡುವುದರಿಂದ ಅದಕ್ಕೆ ಗಂಡ-ಹೆಂಡತಿ ತಿಂಡಿ ಅಂತ ಹೆಸರು. ನಮ್ಮ ಯಜಮಾನರಿಗೆ ಹೇಳಿದೆ. 'ಹಂಗಾದರೆ ಚಟ್ನಿ ಯಾರು, ಅತ್ತೇನಾ?' ಅಂದರು.

ಮೇಳದಲ್ಲಿ ಮಳಿಗೆ ಹಾಕಬೇಕಂತ ಇದ್ದೇವೆ. ಮೂವರು ಗೆಳೆಯರು. ಎರಡು ರಾತ್ರಿಗೆ ಜಾಗದ ಬಾಡಿಗೆ ಆರು ಸಾವಿರ ಕೇಳುತ್ತಿದ್ದಾರೆ. ಮೊಮೊ, ನೂಡಲ್ಸ್, ಫ್ರೈಡ್ ರೈಸ್, ಗೋಬಿ, ಬಬಲ್ ಟೀ ಐದೂ ಇಟ್ಟರೆ ಲಾಭ ಆಗುತ್ತಾ?
– ಯುವಕ, ಸಿರುಗುಪ್ಪ

ಆಗಲ್ಲ. ಐದು ಇಟ್ಟರೆ ಖಂಡಿತ ಆಗಲ್ಲ.

ನನ್ನದೇ ಕಥೆ ಹೇಳುತ್ತೇನೆ. ಬಂಡಿ ಹಚ್ಚಿ ನಾಲ್ಕನೇ ವರ್ಷ, ಒಂದು ಮೇಳಕ್ಕೆ ಕರೆದರು. ಎಲ್ಲಿ, ಯಾರು ಅನ್ನೋದು ಬೇಡ. ದೊಡ್ಡ ಜನ ಬರುತ್ತಾರೆ ಅಂತ ಪಡ್ಡು, ಮಿರ್ಚಿ, ಒಗ್ಗರಣೆ ಮಂಡಕ್ಕಿ, ಗೋಬಿ, ಪಾವ್ ಭಾಜಿ ಎಲ್ಲ ಇಟ್ಟೆ. ದೀಪ ಕೊಡುತ್ತೇವೆ ಅಂದಿದ್ದವರು ಒಂದು ಬಲ್ಬು ಕೊಟ್ಟರು, ಅದೂ ಎಂಟು ಗಂಟೆಗೆ ಹೋಯಿತು. ಗೋಬಿಗೆ ನಿಂತವರು ಮಿರ್ಚಿ ಬಾಣಲೆ ಖಾಲಿ ಆಗುವುದನ್ನು ಕಾಯಬೇಕು. ಪಡ್ಡಿಗೆ ನಿಂತವರು ನಾನು ಪಾವಿಗೆ ಬೆಣ್ಣೆ ಹಚ್ಚುವುದನ್ನು ನೋಡುತ್ತಾ ನಿಂತಿರಬೇಕು. ಒಂಬತ್ತೂವರೆಗೆ ಸಿಲಿಂಡರ್ ಮುಗಿಯಿತು. ರಾತ್ರಿ ಒಂದಕ್ಕೆ ಉಳಿದ ಪಾವು, ಕೆಟ್ಟ ಭಾಜಿ ಹೊತ್ತು ಆಟೋದಲ್ಲಿ ಬರುವಾಗ ಅತ್ತಿದ್ದೆ. ನಾಲ್ಕು ಸಾವಿರ ಹೋಯಿತು. ಆ ಕಾಲಕ್ಕೆ ನಾಲ್ಕು ಸಾವಿರ ಅಂದ್ರೆ ಏನು ಅಂತ ನಿಮ್ಮ ಅಮ್ಮನನ್ನು ಕೇಳು.

ಈಗ ಲೆಕ್ಕಕ್ಕೆ ಬಾ. ಮೊಮೊ ಒಂದೇ ಅಂತ ಇಟ್ಟುಕೊಳ್ಳೋಣ, ಪ್ಲೇಟಿಗೆ ಆರು. ಮೂರು ಅಂತಸ್ತಿನ ಪಾತ್ರೆಯಲ್ಲಿ ಒಂದು ಸಲಕ್ಕೆ ಹತ್ತು ಪ್ಲೇಟು. ಬೇಯಲು ಹನ್ನೆರಡು ನಿಮಿಷ, ಇಳಿಸಿ ಏರಿಸಲು ಮೂರು. ತಾಸಿಗೆ ನಾಲ್ಕು ಸಲ, ನಲವತ್ತು ಪ್ಲೇಟು. ಮೇಳ ಆರರಿಂದ ಹನ್ನೊಂದರ ತನಕ ಇದ್ದರೂ ಜನ ತಿನ್ನುವುದು ಎಂಟರಿಂದ ಹತ್ತೂವರೆ. ಎರಡೂವರೆ ತಾಸು, ನೂರು ಪ್ಲೇಟು. ಅಂದರೆ ಆರುನೂರು ಮೊಮೊ ಕೈಯಲ್ಲಿ ಮಡಿಚಬೇಕು. ಒಂದಕ್ಕೆ ಅರ್ಧ ನಿಮಿಷ ಅಂದರೂ ಮೂವರು ಕೂತರೆ ಒಂದೂ ಮುಕ್ಕಾಲು ತಾಸು. ಅರವತ್ತು ರೂಪಾಯಿಗೆ ಮಾರಿದರೆ ಎರಡು ರಾತ್ರಿಗೆ ಹನ್ನೆರಡು ಸಾವಿರ. ಮೈದಾ, ಕೋಸು, ಚಟ್ನಿ, ಪ್ಲೇಟು, ಗ್ಯಾಸ್ ಸೇರಿ ಪ್ಲೇಟಿಗೆ ಇಪ್ಪತ್ತೈದು ಅಂದರೆ ಐದು ಸಾವಿರ. ಬಾಡಿಗೆ ಆರು. ಉಳಿದದ್ದು ಒಂದು ಸಾವಿರ, ಮೂವರಿಗೆ. ಸಿರುಗುಪ್ಪದಿಂದ ಬಂದು ಹೋಗುವ ಖರ್ಚು ಇನ್ನೂ ಹಿಡಿದಿಲ್ಲ!

ಹಾಗಾಗಿ ಮೊದಲು ಬಾಡಿಗೆ ಮಾತಾಡು. ಇನ್ನೊಬ್ಬರ ಜೊತೆ ಜಾಗ ಹಂಚಿಕೊಳ್ಳಿ, ಅವರು ಕುಡಿಯುವುದು ಮಾರಲಿ, ನೀವು ಮೊಮೊ ಮಾರಿ. ಇಲ್ಲವೇ ಎರಡನೇ ಪಾತ್ರೆ ತನ್ನಿ. ಬಾಡಿಗೆ ಅಷ್ಟೇ ಇರುತ್ತದೆ, ಮಾಲು ಎರಡರಷ್ಟು ಹೊರಡುತ್ತದೆ. ಆದರೆ ಮಧ್ಯಾಹ್ನವೇ ಸಾವಿರದ ಇನ್ನೂರು ಮಡಿಚಬೇಕು, ಕೈ ಇದೆಯಾ ನೋಡಿಕೊಳ್ಳಿ.

ಫ್ರೈಡ್ ರೈಸ್ ಯಾಕೆ ಬೇಡ ಅಂದೆ ಗೊತ್ತಾ? ಮೇಳದವರು ಮಧ್ಯಾಹ್ನವೇ ಅನ್ನ ಮಾಡಿ ಡಬರಿಯಲ್ಲಿ ಮುಚ್ಚಿಡುತ್ತಾರೆ. ಅನ್ನ ಬೆಂದರೂ ಸಾಯದ ಒಂದು ಜಾತಿ ಬ್ಯಾಕ್ಟೀರಿಯಾ ಇದೆ. ಬೆಚ್ಚಗೆ ತಾಸುಗಟ್ಟಲೆ ಇಟ್ಟರೆ ಅದು ಬೆಳೆದು ವಿಷ ಬಿಡುತ್ತದೆ. ಆಮೇಲೆ ಎಷ್ಟು ಉರಿಯಲ್ಲಿ ಹುರಿದರೂ ಆ ವಿಷ ಹೋಗುವುದಿಲ್ಲ. ಬಳ್ಳಾರಿ ಸೆಕೆಯಲ್ಲಿ ಡಬರಿಯ ಅನ್ನ ಅಂದ್ರೆ ನನಗೆ ಭಯ. ಬಬಲ್ ಟೀ ಅಂದ್ರೆ ಜಗಿಯುವ ಗುಂಡು ಹಾಕಿದ ತಣ್ಣನೆ ಚಹಾ, ಆ ಗುಂಡು ಮರಗೆಣಸಿನ ಹಿಟ್ಟಿನದು. ಬೇಯಿಸಿದ ನಾಲ್ಕೈದು ತಾಸಿಗೆ ರಬ್ಬರಾಗುತ್ತದೆ. ಅದಕ್ಕೆ ಮಂಜುಗಡ್ಡೆ ಬೇರೆ ಬೇಕು, ಆ ಮಂಜುಗಡ್ಡೆ ಯಾವ ನೀರಿನದೋ.

ಗೋಬಿ ಇಡಲೇಬೇಕು ಅಂದರೆ ಬಣ್ಣ ಮುಟ್ಟಬೇಡ. 2024ರ ಮಾರ್ಚಿನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧ ಮಾಡಿದೆ. ಕೆಂಪು ಬೇಕಾದರೆ ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬು. ಅದಕ್ಕಿಂತ ಒಳ್ಳೆಯ ಕೆಂಪು ಯಾವ ಡಬ್ಬಿಯಲ್ಲೂ ಸಿಗಲ್ಲ. ಎಣ್ಣೆ ನೊರೆ ಬಂದು ಕಪ್ಪಾದರೆ ಚೆಲ್ಲು, ಅದಕ್ಕೇ ಹೊಸ ಎಣ್ಣೆ ಸೇರಿಸುತ್ತಾ ಹೋಗಬೇಡ.

ಕಾಗದಪತ್ರ: ಎರಡು ರಾತ್ರಿಯ ಮಳಿಗೆ ಆದರೂ ಆಹಾರ ಸುರಕ್ಷತೆ ಇಲಾಖೆಯ ನೋಂದಣಿ ಮಾಡಿಸು. ಮನೆಯ ಕೆಂಪು ಸಿಲಿಂಡರ್ ತರಬೇಡ, ವ್ಯಾಪಾರಕ್ಕೆ ಹತ್ತೊಂಬತ್ತು ಕೆ.ಜಿ.ಯ ನೀಲಿಯದು. ಮುಂದೆ ಖಾಯಂ ಬಂಡಿ ಹಚ್ಚುವ ಆಸೆ ಇದ್ದರೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ. ಊರಿನ ಆಡಳಿತ ಸಮೀಕ್ಷೆ ಮಾಡಿ ಗುರುತಿನ ಚೀಟಿ, ಮಾರಾಟದ ಪ್ರಮಾಣಪತ್ರ ಕೊಡಬೇಕು ಅಂತ ಅದರಲ್ಲಿದೆ. ಚೀಟಿ ಇಲ್ಲದೆ ನಾನು ಎಂಟು ವರ್ಷ ಓಡಿದ್ದೇನೆ. ಸೀಟಿ ಸದ್ದು ಕೇಳಿದ ಕೂಡಲೇ ಬಿಸಿ ಎಣ್ಣೆ ಬಾಣಲೆ ಸಮೇತ ಬಂಡಿ ತಳ್ಳುವುದು ಹೇಗೆ ಅಂತ ಕಲಿಯಬೇಕಾದರೆ ಬಾ, ಕಲಿಸುತ್ತೇನೆ.

ನಾವು ಲಿಂಗಾಯತರು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಸೊಸೆ, ಮೊಮ್ಮಕ್ಕಳು ಹೋಗೋಣ ಅಂತ ಹಟ ಹಿಡಿದಿದ್ದಾರೆ. ನಾವು ಏನು ತಿನ್ನಬಹುದು ತಾಯಿ?
– ಹಿರಿಯರು, ಕುಷ್ಟಗಿ

ಅಜ್ಜಾರೆ, ಹೋಗಿ ಬನ್ನಿ. ಆದರೆ 'ವೆಜ್' ಅನ್ನುವ ಬೋರ್ಡು ನೋಡಿ ಸುಮ್ನೆ ನಂಬಬೇಡಿ. ಆ ಕಡೆಯ ಅಡುಗೆಯಲ್ಲಿ ಮೀನು ಕಣ್ಣಿಗೆ ಕಾಣುವುದಿಲ್ಲ. ಥಾಯ್ ಪಪ್ಪಾಯಿಕಾಯಿ ಕೋಸಂಬರಿಗೆ ಮೀನಿನ ರಸ, ಒಣ ಸೀಗಡಿ ಹಾಕುತ್ತಾರೆ. ಮಲೇಷ್ಯಾದ ಸಂಬಾಲ್ ಅಂದ್ರೆ ನಮ್ಮ ರಂಜಕದ ಹಾಗೆ ಕೆಂಪಗಿರುತ್ತದೆ, ಒಳಗೆ ಸೀಗಡಿಯ ಮುದ್ದೆ. ಕೊರಿಯಾದ ಕಿಮ್ಚಿ ನೋಡಲು ಕೋಸಿನ ಉಪ್ಪಿನಕಾಯಿ, ಅದರಲ್ಲೂ ಸಾಮಾನ್ಯವಾಗಿ ಉಪ್ಪು ಸೀಗಡಿ ಇಲ್ಲವೇ ಮೀನಿನ ರಸ ಇರುತ್ತದೆ. 'ಫಿಶ್ ಸಾಸ್ ಇದೆಯಾ, ಮೊಟ್ಟೆ ಇದೆಯಾ, ಬಾಣಲೆ ಬೇರೆ ಇದೆಯಾ' ಈ ಮೂರು ಕೇಳಿ. ಮೂರನೆಯದಕ್ಕೆ ಹುಡುಗ ತಡವರಿಸಿದರೆ ಮುಂದೆ ನಡೆಯಿರಿ.

ಆ ದೇಶಗಳಲ್ಲೂ ನಿಮ್ಮಂಥವರು ಇದ್ದಾರೆ. ಥಾಯ್ಲೆಂಡಿನಲ್ಲಿ 'ಜೇ' ಅಂತ ಹಳದಿ ಬಾವುಟದ ಮೇಲೆ ಕೆಂಪಗೆ ಬರೆದಿದ್ದರೆ ಅಲ್ಲಿ ಮಾಂಸ, ಮೀನು, ಮೊಟ್ಟೆ ಇಲ್ಲ, ಹಾಲೂ ಇಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ. ಮಾವಿನಹಣ್ಣು, ಜಿಗುಟು ಅನ್ನ, ತೆಂಗಿನಹಾಲು ಸೇರಿಸಿದ ಸಿಹಿ ಸಿಕ್ಕರೆ ನೀವು ಧಾರಾಳವಾಗಿ ತಿನ್ನಿ. ಹಲ್ಲಿಗೂ ಮೆತ್ತಗೆ.

ಮಿರ್ಚಿ, ಮಂಡಕ್ಕಿ ಬಿಟ್ಟು ಯಾರದೋ ದೇಶದ ತಿಂಡಿಗೆ ಸಾಲು ನಿಲ್ಲುವುದು ಎಷ್ಟು ಸರಿ? ನಮ್ಮತನ ಎಲ್ಲಿ ಉಳಿಯಿತು?
– ನಿವೃತ್ತ ಶಿಕ್ಷಕರು, ಕೊಪ್ಪಳ

ಮೇಷ್ಟ್ರೇ, ನಿಮ್ಮ ಸಿಟ್ಟು ಅರ್ಥ ಆಗುತ್ತದೆ. ಆದರೆ ಮಿರ್ಚಿಯ ಮೆಣಸಿನಕಾಯಿಯೇ ನಮ್ಮದಲ್ಲ ಅಲ್ವಾ? ಪೋರ್ಚುಗೀಸರು ಅಮೆರಿಕದ ಕಡೆಯಿಂದ ತಂದದ್ದು. ಇಲ್ಲಿಂದ ಹೋದದ್ದೂ ಇದೆ. ಪೆನಾಂಗಿನಲ್ಲಿ 'ರೋಟಿ ಚನಾಯ್' ಅಂತ ಕೊಟ್ಟರು. ತಟ್ಟೆಯಲ್ಲಿ ಪರೋಟ, ಪಕ್ಕದಲ್ಲಿ ಬೇಳೆ ಸಾರು. ನಮ್ಮ ದಕ್ಷಿಣದಿಂದ ಕೂಲಿಗೆ, ವ್ಯಾಪಾರಕ್ಕೆ ಹೋದವರು ಕೊಂಡೊಯ್ದದ್ದು, ಈಗ ಅದು ಅವರ ದೇಶದ ತಿಂಡಿ. ನಾವು ಚೀನಾದ್ದು ಅಂದುಕೊಂಡಿರುವ ಮಂಚೂರಿ ಚೀನಾದಲ್ಲಿ ಇಲ್ಲವೇ ಇಲ್ಲ. 1970ರ ದಶಕದಲ್ಲಿ ಮುಂಬೈಯಲ್ಲಿ ಹುಟ್ಟಿತು ಅನ್ನುತ್ತಾರೆ.

ನಿಮ್ಮ ಗವಿಮಠದ ಜಾತ್ರೆಯ ದಾಸೋಹದಲ್ಲಿ ರೊಟ್ಟಿ, ಮಾದಲಿ, ಮಿರ್ಚಿ ತಿಂದವಳು ನಾನು. ಸುತ್ತಲ ಊರಿನ ಹೆಣ್ಣುಮಕ್ಕಳು ಬಡಿದು ಕಳಿಸಿದ ರೊಟ್ಟಿ ಬಂಡಿಗಟ್ಟಲೆ ಬರುವುದನ್ನು ನೋಡಿದ್ದೇನೆ. ಎರಡು ರಾತ್ರಿಯ ಮೊಮೊ ಅದನ್ನು ಏನೂ ಮಾಡಲಾರದು. ನನಗೆ ಬೇಸರ ಇರುವುದು ಬೇರೆ. ಮೇಳದವರು ಹದಿನೈದು ದೇಶದ ಹೆಸರು ಹಾಕಿ ಎಲ್ಲ ಮಳಿಗೆಯಲ್ಲೂ ಒಂದೇ ಸಾಸಿನ ಬಾಟಲಿ ಬಗ್ಗಿಸುತ್ತಾರೆ. ಅದಕ್ಕೆ ಬೇಕಾದರೆ ನೀವು ಬೈಯಿರಿ, ನಾನೂ ದನಿ ಸೇರಿಸುತ್ತೇನೆ.

ಅಜಿನೊಮೊಟೊ ಹಾಕಿದ್ದು ಮಗಳಿಗೆ ಕೊಡಬಹುದಾ?
– ತಾಯಿ, ಸಿಂಧನೂರು

ಅದನ್ನು 1908ರಲ್ಲಿ ಇಕೆಡಾ ಅನ್ನುವ ಜಪಾನಿ ವಿಜ್ಞಾನಿ ಕಡಲ ಪಾಚಿಯ ಸಾರಿನಿಂದ ಕಂಡುಹಿಡಿದ. ಅದರ ಮುಖ್ಯ ಅಂಶ ನಮ್ಮ ಟೊಮೆಟೊದಲ್ಲೂ ಇದೆ. ಒಂದು ಚಿಟಿಕೆಗೆ ಹೆದರಬೇಕಿಲ್ಲ. ಹಳೆ ಎಣ್ಣೆಗೆ, ಬಣ್ಣಕ್ಕೆ, ಜಾಸ್ತಿ ಉಪ್ಪಿಗೆ ಹೆದರಿ.

ಡೂರಿಯನ್ ಹಣ್ಣು ನಾರುತ್ತದಂತೆ, ನಿಜವಾ? ತಿಂದಿದ್ದೀರಾ?
– ಹತ್ತಿ ಬೆಳೆಗಾರ, ಮಾನ್ವಿ

ತಿಂದಿದ್ದೇನೆ. ಸಿಂಗಪುರದ ರೈಲಿನಲ್ಲಿ ಅದನ್ನು ತರಬಾರದು ಅಂತ ಚಿತ್ರ ಹಾಕಿದ್ದಾರೆ, ಅಷ್ಟು ವಾಸನೆ. ಕೊಳೆತ ಈರುಳ್ಳಿ ಚೀಲದ ಪಕ್ಕ ಕೂತು ಬೆಣ್ಣೆ ಪಾಯಸ ತಿಂದ ಹಾಗೆ. ಮೂರನೇ ತೊಳೆಗೆ ಇಷ್ಟ ಆಯಿತು. ಅಂದ ಹಾಗೆ ಅಣ್ಣಾರೆ, ನೋಡಲು ಹಲಸಿನ ಥರ ಇದ್ದರೂ ಅದು ನಿಮ್ಮ ಹತ್ತಿಯ ಬಳಗ. ಬೆಂಡೆಕಾಯಿಯೂ ಅದೇ ಕುಟುಂಬ.

ಮೇಳದಲ್ಲಿ ನೀವೂ ಬಂಡಿ ಹಾಕುತ್ತೀರಾ ಅಕ್ಕಾರೆ?
– ಹಳೆ ಗಿರಾಕಿ, ಕೌಲ್ ಬಜಾರ್, ಬಳ್ಳಾರಿ

ಮೊಣಕಾಲು ಬಿಡುವುದಿಲ್ಲ ಅಣ್ಣಾ. ಮಗ ಹಾಕುತ್ತಾನೆ. ಎರಡು ಹಂಚು, ಪಡ್ಡು ಒಂದೇ, ಶೇಂಗಾ ಚಟ್ನಿ ಒಂದೇ. ಬೋರ್ಡಿನ ಮೇಲೆ 'ಬಳ್ಳಾರಿ ತಕೊಯಾಕಿ' ಅಂತ ಬರೆಸೋಣ, ಹುಡುಗರು ಬರ್ತಾರೆ ಅನ್ನುತ್ತಾನೆ. ಪಡ್ಡು ಅಂತಲೇ ಇರಲಿ ಅಂತ ನಾನು. ನಾಲ್ಕು ದಿನದಿಂದ ಮನೆಯಲ್ಲಿ ಇದೇ ಜಗಳ. ಪೇಂಟರ್ ಎರಡು ಸಲ ಬಂದು ವಾಪಸ್ ಹೋದ.